ಹಳಸಿಯಲ್ಲಿ ಉಳಿದ ಒಂದು ತಾಸು

ಖಡೇಬಜಾರ, ಬೆಳಗಾವಿ
ತಾ. ೨೧ ನವೆಂಬರ್ ೧೯೨೭, ಸೋಮವಾರ

ಗೆಳತಿ ಗೌರವ್ವಗೆ, ಹುಬ್ಬಳ್ಳಿಯ ನಿನ್ನ ಮನೆಯ ಹೊಸ್ತಿಲಿಗೆ ಇಲ್ಲಿಂದಲೇ ಕೈಮುಗಿದು ಸೋನಾಬಾಯಿ ಬರೆಯುವುದು.

ಮೊದಲು ಖರ್ಚು ಹೇಳಿಬಿಡುತ್ತೇನೆ, ಸುಖದ ಮಾತು ಆಮೇಲೆ. ಒಂದು ಹೊಸ ಟೈರು, ಮೂರು ರೂಪಾಯಿ ಎಂಟಾಣೆ. ಪ್ಯಾಚು, ಅದನ್ನು ಅಂಟಿಸುವ ಸಲೂಷನ್ನು ಸೇರಿ ಆರಾಣೆ. ಎರಡು ಸೈಕಲ್ಲುಗಳ ಒಂದು ದಿನದ ಬಾಡಿಗೆ ತಪ್ಪಿದ್ದು, ಒಂದು ರೂಪಾಯಿ ಎರಡಾಣೆ. ಚೈನಿನ ಬಾಯಿಗೆ ಸಿಕ್ಕು ಹರಿದ ನನ್ನ ಇಳಕಲ್ ಸೀರೆ, ಏಳು ರೂಪಾಯಿ. ಸರಿಯಾಗಿ ಹನ್ನೆರಡು. ಎಡಗಾಲಿನ ಹೆಬ್ಬೆರಳಿನ ಉಗುರು ಹೋಯಿತು, ಅದಕ್ಕೆ ಬೆಲೆ ಹಾಕಿಲ್ಲ. ಮಗಳು ಕಾಂತಾ ಹಗಲೆಲ್ಲ ಹಸಿದಿದ್ದಕ್ಕೂ ಹಾಕಿಲ್ಲ. ಅದು ನನ್ನ ತಪ್ಪಿನ ಬಾಬತ್ತು, ಮುಂದೆ ಹೇಳುತ್ತೇನೆ.

ನಾವು ಗೆದ್ದೆವು, ಗೌರವ್ವಾ. ಶನಿವಾರ ಬೆಳಗಾವಿಯಿಂದ ಹೊರಟು, ಖಾನಾಪುರ, ನಂದಗಡ, ಹಳಸಿ ಮುಟ್ಟಿ, ಹೊತ್ತು ಮುಳುಗುವುದರೊಳಗೆ ತಿರುಗಿ ಖಾನಾಪುರಕ್ಕೆ ಬಂದೆವು. ಮೂವತ್ತೆಂಟು ಮೈಲು. ತಾಯಿ ಒಂದು ಸೈಕಲ್ಲು, ಮಗಳು ಒಂದು ಸೈಕಲ್ಲು. ನಲವತ್ನಾಲ್ಕು ವರ್ಷದ ನನ್ನ ಮೊಣಕಾಲು ಈಗ ಬಾಗಿಲಿನ ತಿರುಗಣಿಯಂತೆ ಸಪ್ಪಳ ಮಾಡುತ್ತಿದೆ, ಆದರೆ ತಿರುಗುತ್ತದೆ.

ಕಾಂತಾಳ ವಿಷಯ ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ. ಅವಳಿಗೆ ಹದಿಮೂರಾದಾಗ ಗಂಡ ತೀರಿಕೊಂಡ. ಮಿರಜದಲ್ಲಿ ಬಾಣಂತನದ ವಿದ್ಯೆ ಕಲಿತು ಬಂದಳು. ಖಾನಾಪುರದ ತಾಲೂಕು ಬೋರ್ಡಿನಲ್ಲಿ ನರ್ಸಬಾಯಿ ಕೆಲಸ ಖಾಲಿ ಇತ್ತು. ಅದು ಸಿಗದಿದ್ದರೆ ಅವಳ ಮೈದುನ ಸಾಂಗಲಿಗೆ ಕರೆದುಕೊಂಡು ಹೋಗಲು ಕಾಯುತ್ತಿದ್ದ. ಅಲ್ಲಿ ಹದಿನೆಂಟು ಮಂದಿಯ ಒಲೆ, ಊದುವವರು ಬೇಕಾಗಿದ್ದರು. ಬೋರ್ಡಿನವರು ಏನಂದರು ನೋಡು. ಗುಡ್ಡದ ಹಳ್ಳಿಗಳಿಗೆ ಟಾಂಗಾ ಎಲ್ಲ ಕಡೆ ಹೋಗುವುದಿಲ್ಲ, ಗಂಡಸರ ಕಾಲೇ ಸೋಲುವ ಖಡಿಕಲ್ಲಿನ ರಸ್ತೆ, ಇದಕ್ಕೆ ಹೆಣ್ಣುಮಗಳನ್ನು ಇಟ್ಟುಕೊಂಡು ಏನು ಮಾಡುವುದು ಎಂದರು. ಸೈಕಲ್ಲಿನ ಮೇಲೆ ಹೋಗುತ್ತಾಳೆ ಎಂದು ನಾನು ಅರ್ಜಿಯಲ್ಲಿ ಬರೆದಿದ್ದೆ. ಅದನ್ನು ಓದಿ ಸಭೆಯೆಲ್ಲ ನಕ್ಕಿತಂತೆ. ಆಗ ಎದ್ದು ನಿಂತವರು ನಿನ್ನ ಅಣ್ಣ ಬಾಳಪ್ಪನವರು. ಅವರ ಮಾತು ಈಗ ಊರಿಗೆಲ್ಲ ಬಾಯಿಪಾಠ.

"ತಾಯಿ ಮಗಳು ಇಬ್ರೂ ಬೆಳಗಾವಿಯಿಂದ ಗಾಲಿ ಮ್ಯಾಲ ಹಳಸಿ ಮುಟ್ಟಿ, ಹೊತ್ತು ಮುಳುಗೂದ್ರೊಳಗ ಖಾನಾಪುರಕ್ಕ ತಿರುಗಿ ಬರ್ಲಿ. ಬಂದ್ರ ಕೆಲಸದ ಕಾಗದಕ್ಕ ಮೊದಲನೇ ಸಹಿ ನಂದು. ಬರದಿದ್ರ ಆಕಿ ಸಾಂಗಲಿಗೆ ಹೋಗ್ಲಿ, ರೊಟ್ಟಿ ಬಡೀಲಿ."

ಇದನ್ನು ಕೇಳಿ ನೀನು ಅಣ್ಣನ ಮೇಲೆ ಸಿಟ್ಟಾಗಿ ದೀಪಾವಳಿಗೆ ತವರಿಗೇ ಬರಲಿಲ್ಲ ಎಂದು ಬರೆದಿದ್ದೀ. ಓದಿ ನನ್ನ ಎದೆ ತುಂಬಿತು. ಕಾಂತಾಳಂತೂ ಆ ದಿನದಿಂದ ಬಾಳಪ್ಪನವರ ಹೆಸರು ಹೇಳಿಯೇ ಪೆಡಲು ತುಳಿಯುತ್ತಿದ್ದಳು. ಇಪ್ಪತ್ತು ದಿನ ಬೆಳ್ಳಂಬೆಳಗ್ಗೆ ಬಯಲಿನಲ್ಲಿ ಕಲಿತೆವು. ಯಜಮಾನರು ತೀರಿಹೋದಾಗ ನಮ್ಮ ಬಾಡಿಗೆ ಸೈಕಲ್ಲಿನ ಅಂಗಡಿಯಲ್ಲಿ ಇದ್ದದ್ದು ಎರಡು ಸೈಕಲ್ಲು, ಒಂದು ಪಂಪು. ಇವತ್ತು ಹದಿನಾಲ್ಕು ಸೈಕಲ್ಲು ಬಾಡಿಗೆಗೆ ಓಡುತ್ತವೆ. ಆದರೆ ಒಂಬತ್ತು ವರ್ಷದಲ್ಲಿ ನಾನು ಒಂದರ ಮೇಲೂ ಕೂತಿರಲಿಲ್ಲ. ಮಿಠಾಯಿ ಮಾರುವವರು ಮಿಠಾಯಿ ತಿನ್ನುತ್ತಾರೆಯೇ, ಹಾಗೆ. ಕಚ್ಚೆ ಸೀರೆ ಉಡುವ ನಮ್ಮಂಥವರಿಗೆ ಸೈಕಲ್ಲು ಏನೂ ಕಷ್ಟವಲ್ಲ, ಇದು ಇಷ್ಟು ದಿನ ಯಾರಿಗೂ ಯಾಕೆ ಹೊಳೆಯಲಿಲ್ಲವೋ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಜಿನಬಿಂಬದ ದರ್ಶನವಾಗದೆ ಅನ್ನ ಮುಟ್ಟುವುದಿಲ್ಲ ಎಂದು ಕಾಂತಾ ನೇಮ ಹಿಡಿದಿದ್ದಾಳೆ, ಗಂಡ ತೀರಿದ ವರ್ಷದಿಂದ. ಹೊತ್ತು ಮುಳುಗಿದ ಮೇಲೆ ನಾವು ಯಾರೂ ಉಣ್ಣುವುದಿಲ್ಲ, ಅದು ನಿನಗೆ ಗೊತ್ತು. ನಿಮ್ಮ ಮನೆಯ ಮದುವೆಗಳಲ್ಲಿ ನಮಗಾಗಿ ಎಷ್ಟು ಸಲ ಬೇಗ ಎಲೆ ಹಾಕಿಸಿದ್ದೀ. ಶನಿವಾರ ಸೂರ್ಯ ಕಾಣುತ್ತಲೇ ಹೊರಡಬೇಕಾಗಿತ್ತು, ನಮ್ಮ ಬಸದಿಯ ಬಾಗಿಲು ತೆರೆದಿರಲಿಲ್ಲ. ಖಾನಾಪುರದಲ್ಲಿ ನಮ್ಮ ಜಿನಪಾಲ ಕಾಕಾನ ಮನೆಯ ದೇವರಕೋಣೆಯಲ್ಲಿ ದರ್ಶನ ಮಾಡೋಣ ಎಂದಳು ಕಾಂತಾ. ಬೇಡವೆಂದವಳು ನಾನು. ಕಾಕಾನ ಮನೆಗೆ ಹೋದರೆ ದರ್ಶನಕ್ಕೆ ಐದು ನಿಮಿಷ, ಉಪಚಾರಕ್ಕೆ ಒಂದು ತಾಸು. ಹಳಸಿಯಲ್ಲಿ ಕದಂಬರ ಕಾಲದ ಬಸದಿ ಇದೆಯಲ್ಲ, ಅಲ್ಲೇ ದರ್ಶನ, ಅಲ್ಲೇ ಊಟ, ಒಂದೇ ಇಳಿತದಲ್ಲಿ ಎರಡು ಕೆಲಸ ಎಂದು ಲೆಕ್ಕ ಹಾಕಿದೆ.

ಖಾನಾಪುರಕ್ಕೆ ಹತ್ತೂವರೆಗೆ ಬಂದೆವು. ಬೋರ್ಡಿನ ಗುಮಾಸ್ತ ತಮ್ಮಣ್ಣ, ಬೆಳಗಾವಿಯಲ್ಲಿ ನಾವು ಹೊರಟದ್ದನ್ನು ನೋಡಿ ರೈಲಿನಲ್ಲಿ ಬಂದು, ಗಡಿಯಾರ, ವಹಿ ಹಿಡಿದು ಟಾಂಗಾದಲ್ಲಿ ಕೂತಿದ್ದರು. ಅವರೇ ಸಾಕ್ಷಿ. ಷರತ್ತಿನ ಕಾಗದ ಓದಿ ಹೇಳಿದರು: ಊಟಕ್ಕೆ ಒಂದು ತಾಸು, ಸೈಕಲ್ಲನ್ನು ಟಾಂಗಾಕ್ಕೆ ಏರಿಸಿದರೆ ಸೋತಂತೆ. ಮಲಪ್ರಭೆ ದಾಟಿದ ಮೇಲೆ ಖರೇ ರಸ್ತೆ ಸುರುವಾಯಿತು. ಮುಷ್ಟಿಯಷ್ಟು ದೊಡ್ಡ ಖಡಿ. ಟೈರಿನಲ್ಲಿ ಗಾಳಿ ಬಿಗಿಯಾಗಿದ್ದರೆ ಗಾಲಿ ಕಲ್ಲಿನ ಮೇಲೆ ಪುಟಿಯುತ್ತದೆ, ಸ್ವಲ್ಪ ಬಿಟ್ಟರೆ ಕಲ್ಲನ್ನು ತಬ್ಬಿಕೊಂಡು ಹೋಗುತ್ತದೆ. ಬಿಟ್ಟೆವು. ಏರಿನಲ್ಲಿ ದೂಡಿದೆವು, ಇಳಿಜಾರಿನಲ್ಲಿ ಹಲ್ಲು ಕಚ್ಚಿ ಕೂತೆವು. ನಂದಗಡದಲ್ಲಿ ರಾಯಣ್ಣನ ಸಮಾಧಿಯ ಆಲದ ನೆರಳಿನಲ್ಲಿ ಐದು ನಿಮಿಷ ನಿಂತೆವು. ಅಲ್ಲಿ ಭತ್ತ ಬಡಿಯುತ್ತಿದ್ದ ಹೆಣ್ಣುಮಕ್ಕಳು ಕೆಲಸ ಬಿಟ್ಟು ಓಡಿ ಬಂದರು. ಸಂಗವ್ವ ಎಂಬ ಮುದುಕಿ ಗಾಲಿಯನ್ನು ಮುಟ್ಟಿ ನೋಡಿ, ಇದು ಏನು ತಿನ್ನುತ್ತದೆ ಎಂದು ಕೇಳಿದಳು. ಗಾಳಿ ಎಂದೆ. ಹಾಗಾದರೆ ತನ್ನ ಮಗನಿಗೂ ಒಂದು ಬೇಕು, ಎತ್ತಿಗೆ ಹುಲ್ಲು ಹಾಕಿ ಸಾಕಾಗಿದೆ ಎಂದಳು.

ಹಳಸಿ ಮುಟ್ಟಿದಾಗ ಎರಡು ಗಂಟೆ. ಭೂವರಾಹ ದೇವರ ಗುಡಿಯ ಮುಂದೆ ತಮ್ಮಣ್ಣ ಜಮಖಾನೆ ಹಾಸಿ ಊಟಕ್ಕೆ ಕೂತರು. ನಾವು ಬಸದಿಗೆ ನಡೆದೆವು. ಕಲ್ಲಿನ ಗೋಡೆಗಳು ನೆಟ್ಟಗೆ ನಿಂತಿವೆ, ಗೌರವ್ವಾ, ನೋಡಲು ಗಂಭೀರ. ಕಾಂತಾ ಒಳಗೆ ಹೋದಳು. ಹೋದವಳು ಹೊರಗೆ ಬರಲಿಲ್ಲ. ನಾನು ಹಿಂದಿನಿಂದ ಇಣುಕಿದೆ. ಪೀಠ ಇತ್ತು. ಪೀಠದ ಮೇಲೆ ಜಿನಬಿಂಬ ಇರಲಿಲ್ಲ. ಎಂದು ಹೋಯಿತೋ, ಅಲ್ಲಿನವರಿಗೂ ಗೊತ್ತಿಲ್ಲ. ಅಷ್ಟು ಹಳೆಯ ಬಸದಿ ಎಂದು ಕೇಳಿದ್ದೆನೇ ಹೊರತು, ಒಳಗೆ ದೇವರು ಇದ್ದಾನೋ ಇಲ್ಲವೋ ಎಂದು ಕೇಳಿರಲಿಲ್ಲ. ಗಿರಾಕಿ ಸೈಕಲ್ಲು ತಂದರೆ ಹನ್ನೆರಡು ಕಡೆ ತಟ್ಟಿ ನೋಡುವವಳು ನಾನು.

ನನಗೆ ನೇಮವಿಲ್ಲ, ಆದರೆ ನಾಲಿಗೆ ಇದೆ. ಪೀಠ ಇದೆಯಲ್ಲ, ಕಣ್ಣು ಮುಚ್ಚಿ ನೆನೆಸಿಕೊ, ನಡೆಯುತ್ತದೆ ಎಂದು ಸಮಾಧಾನ ಹೇಳಲು ಹೋದೆ. ಅವಳು ತಿರುಗಿ ನೋಡಿ ಹೇಳಿದಳು:

"ಹಂಗ ನಡೀತಿದ್ರ, ಮನ್ಯಾಗ ಕುಂತು ಕಣ್ಣು ಮುಚ್ಚಿ ಹಳಸಿಗೂ ಬರಬಹುದಿತ್ತಲ್ಲ, ಅವ್ವಾ."

ಅವಳ ಮುಖ ಬಿಳಿಚಿಕೊಂಡಿತ್ತು, ಬೆಳಗಿನಿಂದ ಬರೀ ನೀರು. ಆಗ ನನ್ನ ತಲೆಯಲ್ಲಿ ಒಂದು ಮಾತು ಹೊಳೆಯಿತು. ದರ್ಶನ ಇನ್ನು ಖಾನಾಪುರದಲ್ಲಿ, ಜಿನಪಾಲ ಕಾಕಾನ ಮನೆಯಲ್ಲೇ. ಅದೂ ಹೊತ್ತು ಮುಳುಗುವುದರೊಳಗೆ, ಇಲ್ಲದಿದ್ದರೆ ಊಟ ನಾಳೆಗೆ. ಅಂದರೆ ಹಳಸಿಯಲ್ಲಿ ಊಟವಿಲ್ಲ. ಊಟವಿಲ್ಲ ಅಂದರೆ ಆ ಒಂದು ತಾಸು ನಮ್ಮ ಕೈಯಲ್ಲೇ ಉಳಿಯಿತು. ನಮ್ಮ ಬುತ್ತಿಯನ್ನು ಒಯ್ದು ತಮ್ಮಣ್ಣನ ಮುಂದೆ ಬಿಚ್ಚಿಟ್ಟೆ, ಶೇಂಗಾ ಹಿಂಡಿ, ಜೋಳದ ರೊಟ್ಟಿ, ಮೊಸರು. ನಾವು ಉಣ್ಣುವುದಿಲ್ಲ, ನೀವು ಸಾವಕಾಶ ಉಣ್ಣಿರಿ, ನಾವು ಎರಡೂಕಾಲು ಗಂಟೆಗೆ ಹೊರಟೆವೆಂದು ಮಾತ್ರ ವಹಿಯಲ್ಲಿ ಬರೆಯಿರಿ ಎಂದೆ. ರೊಟ್ಟಿಯ ಕೈ ಒರೆಸಿಕೊಂಡು ಬರೆದರು.

ಆ ತಾಸು ಎಷ್ಟು ಬೇಕಾಯಿತು ಅಂತೀ. ನಂದಗಡ ದಾಟಿದ ಮೇಲಿನ ಇಳಿಜಾರಿನಲ್ಲಿ ಕಾಂತಾಳ ಹಿಂದಿನ ಟೈರು ಖಡಿಗೆ ಸಿಕ್ಕು ನಾಲ್ಕು ಬೆರಳು ಅಗಲ ಸೀಳಿತು. ನಾನೂ ಆಯತಪ್ಪಿ ಬಿದ್ದೆ, ಉಗುರು ಹೋದದ್ದು ಆವಾಗಲೇ. ಟ್ಯೂಬಿಗೆ ಮೂರು ಪ್ಯಾಚು, ಟೈರಿನ ಸೀಳಿಗೆ ಒಳಗಿನಿಂದ ಹಳೆಯ ಟೈರಿನ ತುಂಡು. ಅಂಗಡಿಯಲ್ಲಾದರೆ ಕಾಲು ತಾಸಿನ ಕೆಲಸ. ಅಲ್ಲಿ ಹಸಿದ ಕೈ, ಮೊದಲನೇ ಪ್ಯಾಚು ಹಿಡಿಯಲೇ ಇಲ್ಲ. ಪೂರಾ ಒಂದು ತಾಸು ಹೋಯಿತು. ಅಷ್ಟರಲ್ಲಿ ಟಾಂಗಾ ನಮ್ಮನ್ನು ಹಿಡಿಯಿತು. ತಮ್ಮಣ್ಣ ಕೆಟ್ಟವರಲ್ಲ, ನಮ್ಮ ಹಿಂಡಿ ಉಂಡ ಋಣವೂ ಇತ್ತು. ಕಾಂತಾಳ ಮುಖ ನೋಡಿ ಮೆತ್ತಗೆ ಕೇಳಿದರು.

"ಸಾಕು ಮಾಡ್ರಿ ಬಾಯಾರ. ಹುಡುಗಿ ಬಿದ್ದುಗಿದ್ದೀತು. ಗಾಡಿ ಮ್ಯಾಲ ಏರಿಸ್ಲೇನು?"

ನಾನು ಬಾಯಿ ತೆರೆದೆ. ಖರೇ ಹೇಳುತ್ತೇನೆ, ಹೂಂ ಎನ್ನಲೇ ತೆರೆದೆ. ಅಷ್ಟರಲ್ಲಿ ಕಾಂತಾ ಪಂಪು ಒತ್ತುತ್ತಲೇ, ತಲೆ ಎತ್ತದೆ ಅಂದಳು:

"ಬ್ಯಾಡ್ರಿ. ಹೆರಿಗಿ ನೋವು ತಿನ್ನಾಕಿ ಹಳಸ್ಯಾಗ ಕಾಯ್ತಿದ್ರ, ನಾ ಹಸದೇನಿ ಅಂತ ತಿರುಗಿ ಹೋಗಾಕ ಆಗ್ತಿತ್ತೇನ್ರಿ? ನೀವು ಗಡಿಯಾರ ನೋಡ್ಕೋತ ಕುಂದರ್ರಿ."

ತಮ್ಮಣ್ಣ ಆ ಮಾತನ್ನೂ ವಹಿಯಲ್ಲಿ ಬರೆದುಕೊಂಡರು. ಯಾರೂ ಹೇಳಿರಲಿಲ್ಲ.

ಉಳಿದ ದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ. ಕೆಂಪು ದೂಳಿನಲ್ಲಿ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಅದು ಒಮ್ಮೆಯೂ ಬಾಗಲಿಲ್ಲ. ಖಾನಾಪುರದಲ್ಲಿ ಜಿನಪಾಲ ಕಾಕಾನ ಬಾಗಿಲಿಗೆ ಇಳಿದಾಗ ಐದು ಗಂಟೆ ನಲವತ್ತು ನಿಮಿಷ, ಸೂರ್ಯ ಗುಡ್ಡದ ಮೇಲೆ ಒಂದು ಗೇಣು. ದೂಳಿನ ಕಾಲಿಗೆ ಎರಡು ತಂಬಿಗೆ ನೀರು ಸುರಿದುಕೊಂಡು ದೇವರಕೋಣೆಗೆ ಓಡಿದಳು. ಅಂಗೈ ಉದ್ದದ ಪಾರ್ಶ್ವನಾಥ. ನೋಡಿದಳು, ನಕ್ಕಳು, ತಾಟಿನ ಮುಂದೆ ಕೂತಳು. ಕಡೆಯ ತುತ್ತಿಗೂ ಬೆಳಕಿತ್ತು. ಕಾಕಾನ ಉಪಚಾರಕ್ಕೆ ಈ ಸಲ ಹತ್ತೇ ನಿಮಿಷ ಸಿಕ್ಕಿತು, ಅವನಿಗೆ ಅದೊಂದು ದುಃಖ.

ಹಳಸಿಯಲ್ಲಿ ನಾವು ಕೂತು ಉಂಡಿದ್ದರೆ ಆರು ನಲವತ್ತಾಗುತ್ತಿತ್ತು. ಕತ್ತಲೆ.

ಇಂದು ಬೆಳಗ್ಗೆ ಕೆಲಸದ ಕಾಗದ ಬಂತು. ಮೊದಲನೇ ಸಹಿ ಬಾಳಪ್ಪನವರದೇ. ಇನ್ನು ಯಾರಿಗೆ ಏನು ಸಿಕ್ಕಿತು ಅಂದರೆ: ಕಾಂತಾಳಿಗೆ ತಿಂಗಳಿಗೆ ಮೂವತ್ತು ರೂಪಾಯಿ ಪಗಾರ, ಇಪ್ಪತ್ತೆರಡು ಹಳ್ಳಿ. ಹಳ್ಳಿಯ ಬಸುರಿಯರಿಗೆ ಒಬ್ಬ ನರ್ಸಬಾಯಿ. ಬೋರ್ಡಿಗೆ ಟಾಂಗಾ ಖರ್ಚಿಲ್ಲದ ನೌಕರಿಯವಳು. ತಮ್ಮಣ್ಣನಿಗೆ ಎರಡು ಊಟ. ನನಗೆ ನಿನ್ನೆಯಿಂದ ಸೈಕಲ್ಲು ಕೇಳಿ ಬಂದ ಮೂವರು ಹೆಣ್ಣುಮಕ್ಕಳು. ಸಾಂಗಲಿಯ ಮೈದುನನಿಗೆ ಏನೂ ಇಲ್ಲ.

ನಿನ್ನ ಮಕ್ಕಳಿಗೆ ಆಶೀರ್ವಾದ, ನಿನಗೆ ಒಂದು ಗಟ್ಟಿ ಅಪ್ಪುಗೆ.

ಇತಿ ನಿನ್ನ,
ಸೋನಾಬಾಯಿ

ತಾ. ಕ.: ಈ ಕಾಗದ ಓದಿ ಹರಿದುಬಿಡು, ಕಾಂತಾಳ ಕೈಗೆ ಎಂದೂ ಸಿಗಬಾರದು. ಆ ಷರತ್ತು ನಿನ್ನ ಅಣ್ಣನದಲ್ಲ, ನನ್ನದು. ಅರ್ಜಿಯನ್ನು ಆ ಸಭೆಯಲ್ಲೇ ಹೊಡೆದುಹಾಕುವವರಿದ್ದರು, ನಮ್ಮ ಕಡೆ ಇದ್ದವರು ಬಾಳಪ್ಪನವರೊಬ್ಬರೇ. ಹಿಂದಿನ ದಿನ ಅವರ ಹಿತ್ತಲ ಬಾಗಿಲಿನಿಂದ ಹೋಗಿ ಆ ಮಾತನ್ನು ಅಕ್ಷರ ಬಿಡದೆ ಹೇಳಿಕೊಟ್ಟೆ. ನಗುವ ಸಭೆ ಕನಿಕರಕ್ಕೆ ಒಪ್ಪುವುದಿಲ್ಲ, ಪಂದ್ಯಕ್ಕೆ ಒಪ್ಪುತ್ತದೆ. ಅವ್ವನ ಮಾತಿಗೆ ಕಾಂತಾ ಅಷ್ಟು ದೂರ ತುಳಿಯುತ್ತಿರಲಿಲ್ಲ, ಬಾಳಪ್ಪನವರ ಮೇಲಿನ ಸಿಟ್ಟಿಗೆ ತುಳಿದಳು. ರೊಟ್ಟಿ ಬಡಿಯುವ ಮಾತು ಬೇಡ, ನಾಲಿಗೆ ಏಳುವುದಿಲ್ಲ ಎಂದು ಅವರು ಬಹಳ ಬೇಡಿಕೊಂಡರು. ಅದೇ ಬೇಕು ಎಂದೆ. ಊರು ಬೈಯಿತು, ತಂಗಿ ಮಾತು ಬಿಟ್ಟಳು, ಆದರೂ ಒಂದಕ್ಷರ ಬಾಯಿ ಬಿಡಲಿಲ್ಲ ಪುಣ್ಯಾತ್ಮ. ಎಲ್ಲರಿಗೂ ಏನೇನೋ ಸಿಕ್ಕಿತು, ಅವರಿಗೆ ಇದುವರೆಗೆ ಸಿಕ್ಕದ್ದು ಬೈಗುಳ ಮಾತ್ರ. ಈ ವಾರವೇ ಬಂದು ಅಣ್ಣನ ಮನೆಯಲ್ಲಿ ಒಂದು ಊಟ ಉಂಡು ಹೋಗು.