ಕಪ್ಪು ಪಟ್ಟಿಯ ಕೆಳಗಿನ ಕೆನ್ನೆ

ಅಮ್ಮಾ,

ನೀನು ಹೋಗಿ ನಾಲ್ಕು ವರ್ಷವಾದ ಮೇಲೆ ನಿನ್ನ ಬಂಗು ನನ್ನ ಬಲಗೆನ್ನೆಗೆ ಬಂದಿದೆ. ಇವತ್ತು ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆ. ಇಂಥ ಕಡೆ ಟೋಪಿ ಹಾಕುವವರೇ ಹೆಚ್ಚು ಎಂದು ಅವರ ಆಲ್ಬಮ್ಮನ್ನು ಅನುಮಾನದಿಂದಲೇ ತಿರುವಿದೆ. ಎಡಕ್ಕೆ ಚಿಕಿತ್ಸೆಗೆ ಮುಂಚಿನ ಫೋಟೋ, ಬಲಕ್ಕೆ ಆಮೇಲಿನದು. ಗುರುತು ಸಿಗದಿರಲೆಂದು ಎಲ್ಲರ ಕಣ್ಣಿಗೂ ಕಪ್ಪು ಪಟ್ಟಿ.

ಒಂದು ಪಟ್ಟಿಯ ಕೆಳಗೆ ನಿನ್ನ ಕೆನ್ನೆ ಇತ್ತು.

"ಮುಖಕ್ಕೆ ಸೋಪು ಸಾಕು, ಮಿಕ್ಕಿದ್ದೆಲ್ಲ ಸೋಗು" ಅನ್ನುತ್ತಿದ್ದವಳು ಇಲ್ಲಿಗೇಕೆ ಬರುತ್ತೀ? ನೀನಲ್ಲ ಎಂದುಕೊಂಡೆ. ಆದರೆ ಓಲೆಯ ಭಾರಕ್ಕೆ ಹರಿದ ಆ ಕಿವಿ ನಿನ್ನದೇ. ಬಲಗಡೆ ಫೋಟೋದ ಜಾಗ ಖಾಲಿ.

"ಇವರ ಇನ್ನೊಂದು ಫೋಟೋ ಎಲ್ಲಿ?" ಎಂದು ನರ್ಸನ್ನು ಕೇಳಿದೆ.

"ಆ ಅಮ್ಮನಾ? ಮಗಳ ಮದುವೆಗೆ ಎರಡೇ ವಾರ ಇದೆ, ಅಷ್ಟರಲ್ಲಿ ಬಂಗು ಹೋಗ್ಲೇಬೇಕು ಅಂತ ಬಂದ್ರು. ಆರು ತಿಂಗಳಾದ್ರೂ ಬೇಕು ಅಂದಿದ್ದಕ್ಕೆ ಮತ್ತೆ ಈ ಕಡೆ ತಲೆ ಹಾಕ್ಲಿಲ್ಲ."

ಮನೆಗೆ ಬಂದು ನನ್ನ ಮದುವೆಯ ಫೋಟೋಗಳನ್ನು ಹೊರತೆಗೆದೆ. ಎಲ್ಲದರಲ್ಲೂ ನೀನು ಎಡಗೆನ್ನೆಯನ್ನಷ್ಟೇ ತೋರಿಸಿ ನಿಂತಿದ್ದೀಯ. ಮದುವೆಗೆ ಎರಡು ವಾರ ಮುಂಚೆ, "ಅಮ್ಮನ ಬಂಗು ಕಾಣದ ಹಾಗೆ ನಿಲ್ಸಿ" ಎಂದು ಫೋಟೋದವನಿಗೆ ಫೋನಿನಲ್ಲಿ ಹೇಳಿದವಳು ನಾನೇ. ನೀನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ.

ನಾನು ಬಾಗಿಲು ಹಾಕಿಕೊಂಡಿದ್ದೆ, ಅಮ್ಮಾ. ಹಾಕಿಕೊಂಡಿದ್ದೆ, ಅಲ್ವಾ?