ವೈಡಿನ ರನ್ನು ಮೊದಲು

ಮಾಮಾ,

ಮದುವೆಯಾಗಿ ವಿಜಯಪುರದಿಂದ ಮುಂಬೈನ ಸಯನ್‌ಗೆ ಬಂದ ಹೊಸದರಲ್ಲಿ, ನಿಮ್ಮ ಟಿವಿ ಮುಂದೆ ಮೆಂತ್ಯೆ ಸೊಪ್ಪು ಸೋಸುತ್ತ ಒಂದು ಮಾತು ಕೇಳಿದ್ದೆ, ನೆನಪಿದೆಯಾ? ಚೆಂಡು ಬ್ಯಾಟಿಗೆ ತಾಗಲೇ ಇಲ್ಲ, ಮತ್ತೆ ಯಾಕೆ ಓಡ್ತಾರೆ ಅಂತ. ನಿಮ್ಮ ಮಗ ನಕ್ಕರು. ಸೊಸೆಯ ಪ್ರಶ್ನೆಗೆ ನೀವು ಮಾತ್ರ ಟಿವಿಯ ದನಿ ತಗ್ಗಿಸಿದಿರಿ. ಕೀಪರ್ ಬಿಟ್ಟ ಚೆಂಡಿಗೆ ಓಡಿದರೆ ಬೈ, ಮೈಗೆ ಬಡಿದು ಹೋದರೆ ಲೆಗ್ ಬೈ. ಎರಡೂ ತಂಡದ ಲೆಕ್ಕಕ್ಕೆ, ಆಡಿದವನ ಹೆಸರಿಗಲ್ಲ ಅಂದಿರಿ. ಬ್ಯಾಟಿಗೆ ಎಟುಕದಷ್ಟು ದೂರ ಹೋದರೆ ವೈಡ್; ವೈಡ್, ನೋಬಾಲ್ ಆದರೆ ತಂಡಕ್ಕೆ ಒಂದು ರನ್ನು, ಮೇಲೆ ಬೌಲರ್ ಆ ಚೆಂಡು ಮತ್ತೆ ಹಾಕಬೇಕು. ಈ ಊರಿನಲ್ಲಿ ನನಗೆ ಮೊದಲು ಅರ್ಥವಾದದ್ದೇ ಅದು.

ಭಾನುವಾರ ದಾದರ್‌ನ ಮೈದಾನಕ್ಕೆ ನೀವು ಸ್ಕೋರ್ ಬರೆಯಲು ಹೊರಟರೆ ನಾನೂ ಬರುತ್ತಿದ್ದೆ. ನಿಮ್ಮ ಕಣ್ಣು ಮಂಜಾದ ವರ್ಷ ಪೆನ್ನು ನನ್ನ ಕೈಗೆ ಕೊಟ್ಟಿರಿ. ಹೆಂಗಸು ಬರೀತಾಳಾ ಅಂತ ಯಾರೋ ಕೇಳಿದಾಗ ನೀವು ಹೇಳಿದ್ದು ಇಷ್ಟೇ: "ನಮ್ಮ ಸೊಸಿ. ತಪ್ಪಿದ್ರ ತೋರಸ್ರಿ." ಅವತ್ತು ಯಾರೂ ತೋರಿಸಲಿಲ್ಲ. ನೀವು ಹೋದ ಮೇಲೆ ಸ್ಕೋರರ್ ಪರೀಕ್ಷೆ ಪಾಸು ಮಾಡಿದೆ, ಮಾಮಾ. ಅದನ್ನಾದರೂ ನೀವು ನೋಡಿದ್ದರೆ...

ಹೋದ ಭಾನುವಾರ ಮಲಾಡ್‌ನಲ್ಲಿ ಹುಡುಗಿಯರ ಫೈನಲ್ ಇತ್ತು, ಇಬ್ಬರು ಸ್ಕೋರರ್‌ಗಳಲ್ಲಿ ನಾನೊಬ್ಬಳು. ಸ್ಕೋರು ಸಮ, ಕೊನೆಯ ಜೋಡಿ ಕ್ರೀಸಿನಲ್ಲಿ, ಗೆಲ್ಲಲು ಒಂದೇ ರನ್ನು. ಬ್ಯಾಟ್ ಹಿಡಿದ ಹುಡುಗಿ ಕ್ರೀಸು ಬಿಟ್ಟು ಮುಂದೆ ನುಗ್ಗಿದಳು, ಚೆಂಡು ದೂರದಿಂದ ಹೋಯಿತು, ಕೀಪರ್ ಹಿಡಿದು ಬೇಲ್ಸ್ ಹಾರಿಸಿದಳು. ಒಬ್ಬ ಅಂಪೈರ್ ಎರಡೂ ಕೈ ಚಾಚಿ ವೈಡ್ ತೋರಿಸಿದರು, ಇನ್ನೊಬ್ಬರು ಔಟ್ ಅಂತ ಬೆರಳೆತ್ತಿದರು. ಪಂದ್ಯ ಟೈ ಅಂತ ಫೀಲ್ಡರುಗಳು ಕುಣಿಯತೊಡಗಿದರು. ನನ್ನ ಪಕ್ಕದ ಸ್ಕೋರರ್ ಔಟ್ ಅಂತ ಬರೆದೂಬಿಟ್ಟ. ಆ ಹುಡುಗಿ ಹೆಲ್ಮೆಟ್ ತೆಗೆದು, ಕಣ್ಣೊರೆಸಿಕೊಳ್ಳುತ್ತ ಹೊರಗೆ ನಡೆಯುತ್ತಿದ್ದಳು.

ನಾನು ಔಟ್ ಬರೆಯಲಿಲ್ಲ. ಹಿರಿಯ ಅಂಪೈರ್ ಬಂದು ಮರಾಠಿಯಲ್ಲಿ ಯಾಕೆ ಅಂತ ಕೇಳಿದರು. ವೈಡ್ ಆದ ಚೆಂಡಿಗೂ ಸ್ಟಂಪಿಂಗ್ ಔಟ್ ಇದೆಯಲ್ಲ ಅಂತ ಫೀಲ್ಡಿಂಗ್ ತಂಡದ ನಾಯಕಿ ಜೋರಾಗಿ ವಾದಿಸಿದಳು. ಇದೆ, ನಿಜ. ನಾನು ಎದ್ದು ನಿಂತು ನನಗೆ ಬಂದ ಮರಾಠಿಯಲ್ಲೇ ಹೇಳಿದೆ: "ಸರ್, ವೈಡಿನ ರನ್ನು ಮೊದಲು ಸೇರುತ್ತದೆ. ಅಲ್ಲಿಗೆ ಪಂದ್ಯ ಮುಗಿಯಿತು. ಮುಗಿದ ಮೇಲೆ ಔಟ್ ಹೇಗಾಗುತ್ತಾಳೆ?"

ಇಬ್ಬರು ಅಂಪೈರುಗಳೂ ಪಕ್ಕಕ್ಕೆ ಹೋಗಿ ಮಾತಾಡಿಕೊಂಡರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೆದರಿದೆನಾ? ಇಲ್ಲ ಮಾಮಾ, ಒಂದಿಷ್ಟೂ ಇಲ್ಲ. ಅವರು ತಿರುಗಿ ಬಂದು, ನಾಟೌಟ್, ಬ್ಯಾಟಿಂಗ್ ತಂಡ ಗೆದ್ದಿದೆ ಅಂದರು. ಬೌಂಡರಿ ದಾಟಿದ್ದ ಆ ಹುಡುಗಿಯನ್ನು ಗೆಳತಿಯರು ಓಡಿಹೋಗಿ ಎತ್ತಿಕೊಂಡರು. ಏನಾಯಿತೆಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು.

ಹೊರಡುವಾಗ ಆ ಹಿರಿಯರು ನನ್ನನ್ನು ಕರೆದು, ಅಂಪೈರ್ ಪರೀಕ್ಷೆ ಯಾಕೆ ಬರೆಯಬಾರದು ಅಂತ ಕೇಳಿದರು. ಹೆಸರು ಕೊಟ್ಟು ಬಂದಿದ್ದೇನೆ. ಬಿಳಿ ಕೋಟು ಹೊಲಿಯಲು ಹಾಕಿದ್ದೂ ಆಯಿತು. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ, ನಿಮಗೇ ಮೊದಲು.

ನಿಮ್ಮ ಸೊಸೆ