ಒಳಗೆ ಬಿಟ್ಟ ಬಟ್ಟೆ

ಮಾರ್ಚ್ ೩, ಬೆಳಿಗ್ಗೆ

...ಆದ್ದರಿಂದ ತಪ್ಪು ಓಮದ ಕಾಳಿನದ್ದಲ್ಲ, ಕುದಿಸಿದವನದ್ದು. ನಿನ್ನೆ ಹೊಟ್ಟೆನೋವಿಗೆಂದು ಮುಷ್ಟಿ ತುಂಬ ಹಾಕಿಬಿಟ್ಟೆ. ಔಷಧಿ ಹೆಚ್ಚಾದರೆ ರೋಗ ಬೇಗ ಓಡುತ್ತದೆಂಬ ಲೆಕ್ಕ. ರೋಗ ಓಡಲಿಲ್ಲ, ನಾನು ಓಡಿದೆ, ಬಚ್ಚಲ ಕಡೆಗೆ. ಇವತ್ತು ಚಿಟಿಕೆ ಮಾತ್ರ. ಒಂದು ತೇಗು ಬಂತು. ದೇವರು ದೊಡ್ಡವನು.

ಹೊಟ್ಟೆ ಮಾತ್ರ ಇನ್ನೂ ತಮಟೆ. ಹೊಲಿಗೆ ಮೆಷಿನ್ ಮುಂದೆ ಬಗ್ಗಿದರೆ ಹಿಂಡುತ್ತದೆ. ಪ್ರಿವೆನ್ಷನ್ ಈಸ್ ಬೆಟರ್ ದ್ಯಾನ್... ಮುಂದೇನೋ ಇತ್ತು. ಕಾಲೇಜಿನಲ್ಲಿ ಬಾಯಿಪಾಠವಾಗಿತ್ತು.

ಮಾರ್ಚ್ ೫

ವಕೀಲರ ಕೋಟು ಒಂದು ತೋಳಿಗೇ ನಿಂತಿದೆ. ಊಟವಾದ ಮೇಲೆ ನೋವು. ಅಂಗಡಿಯ ಶಟರ್ ಅರ್ಧ ಎಳೆದು ಕಟಿಂಗ್ ಟೇಬಲ್ ಮೇಲೆ ಮಗ್ಗುಲಾದೆ.

ಬರೆಯಬಾರದೆಂದಿದ್ದೆ. ಬರೆಯುತ್ತೇನೆ. ನನ್ನವಳಿಗೂ ಹೀಗೇ ಶುರುವಾದದ್ದು. ಉಬ್ಬರ, ಸಣ್ಣ ನೋವು. ಗ್ಯಾಸ್ ಎಂದುಕೊಂಡೆವು ಇಬ್ಬರೂ. ಗ್ಯಾಸ್ ಆಗಿರಲಿಲ್ಲ. ಅದೇ ಅವಳನ್ನು ಕರೆದುಕೊಂಡು ಹೋಯಿತು.

ಡಾಕ್ಟರ ಹತ್ತಿರ ಹೋಗುವ ಧೈರ್ಯವಿಲ್ಲ. ಕೇಳದಿದ್ದರೆ ಯಾರೂ ಹೇಳುವುದಿಲ್ಲವಲ್ಲ.

ಮಾರ್ಚ್ ೧೨

ನಾದಿನಿ ಬಂದಿದ್ದಳು. ನನ್ನವಳ ತಂಗಿ. ಬಸ್ ಕಂಡಕ್ಟರಾಗಿ ರಿಟೈರ್ ಆದವಳು. ದನಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ನಾನು ಅಡುಗೆ ಕಟ್ಟೆಗೆ ಒರಗಿ, ತಟ್ಟೆ ಕೈಯಲ್ಲಿ ಹಿಡಿದು ಗಬಗಬ ಮುಗಿಸುತ್ತಿದ್ದೆ.

"ಇದೇನು ಭಾವ, ಸ್ಟ್ಯಾಂಡಿಂಗು? ಸೀಟು ಖಾಲಿ ಇದೆಯಲ್ಲ!"

ಅದೇ ಕಷ್ಟ. ಟೇಬಲ್ಲಿಗೆ ಎರಡು ಕುರ್ಚಿ. ಒಂದರಲ್ಲಿ ಕೂತರೆ ಇನ್ನೊಂದು, ನನ್ನವಳದು, ಎದುರಿಗೇ ಇರುತ್ತದೆ. ನಾದಿನಿ ಆ ಇನ್ನೊಂದರಲ್ಲೇ ಧೊಪ್ಪನೆ ಕೂತಳು.

"ಕೂತ್ಕೊಂಡು ಅಗೀರಿ. ಯಾರೂ ನಿಮ್ಮನ್ನ ಮುಂದಿನ ಸ್ಟಾಪಲ್ಲಿ ಇಳಿಸಲ್ಲ."

ಕೆದಕಿ ಕೆದಕಿ ನೋವಿನ ಸುದ್ದಿ ಹೊರಗೆಳೆದಳು. ಆಮೇಲೆ ದನಿ ಇಳಿಸಿದಳು. ಅವಳ ದನಿ ಇಳಿದರೆ ನನಗೆ ಭಯ.

"ನಂಗೂ ಅಕ್ಕನೇ ನೆನಪಾದ್ಲು, ಭಾವ. ಅದಕ್ಕೇ ನಾಳೆ ಡಾಕ್ಟರ ಹತ್ರ ಹೋಗ್ಲೇಬೇಕು. ನಾನೂ ಬರ್ತೀನಿ."

ಮಾರ್ಚ್ ೧೯, ಮಧ್ಯಾಹ್ನ

ಏನೂ ಇಲ್ಲ.

ಇನ್ನೊಮ್ಮೆ ಬರೆಯುತ್ತೇನೆ, ಬರೆಯಲು ಹಿತವಾಗಿದೆ — ಏನೂ ಇಲ್ಲ. ಇವತ್ತು ರಿಪೋರ್ಟ್ ಬಂತು. ರಕ್ತ, ಸ್ಕ್ಯಾನ್, ಎಲ್ಲ ಕ್ಲಿಯರ್. ಕಾರಿಡಾರಿನ ಬೆಂಚಿನಲ್ಲಿ ಕೂತು ಅತ್ತೆ. ಪಕ್ಕದಲ್ಲಿ ನಾದಿನಿಯೂ. ನೋಡಿದವರು ಏನು ತಿಳಿದರೋ.

ಡಾಕ್ಟರಮ್ಮ ಬೈದದ್ದೂ ಆಶೀರ್ವಾದದಂತಿತ್ತು. "ಗಬಗಬ ತಿಂತೀರಿ, ಜೊತೆಗೆ ಗಾಳಿ ನುಂಗ್ತೀರಿ, ಎದ್ದ ಕೂಡ್ಲೆ ಮೆಷಿನ್ ಮೇಲೆ ಬಗ್ತೀರಿ. ಹೊಟ್ಟೆ ಪಾಪ ಏನ್ಮಾಡುತ್ತೆ?" ನಿಧಾನ ಉಣ್ಣಬೇಕು. ಉಂಡು ಸ್ವಲ್ಪ ನಡೆಯಬೇಕು. ಸೋಂಪು, ಪುದೀನ, ಓಮ ಹಿತವೆನಿಸಿದರೆ ಕುಡಿಯಬಹುದು, ಮುಷ್ಟಿಗಟ್ಟಲೆ ಬೇಡ. ನೋವು ಹೆಚ್ಚಾದರೆ ಮನೆಮದ್ದು ನಂಬಿ ಕೂರದೆ ಬರಬೇಕು. ಕೊನೆಗೆ ನನ್ನ ಪ್ಯಾಂಟು ನೋಡಿ, "ಸೊಂಟ ಇಷ್ಟು ಬಿಗಿನಾ? ಯಾರ್ರೀ ನಿಮ್ಮ ಟೈಲರು?"

ನಾದಿನಿ ನಕ್ಕು ನಕ್ಕು ಗೋಡೆ ಹಿಡಿದಳು.

ಮಾರ್ಚ್ ೩೧

ಕಿಟಕಿಯ ಕುಂಡದಲ್ಲಿ ಪುದೀನ ಚಿಗುರಿದೆ. ಊಟದ ಹೊತ್ತಿಗೆ ಕಂಡಕ್ಟರ್ ಹಾಜರ್. ತುತ್ತಿಗೊಂದು ಮಾತು, ಅವಳ ಮಾತು ಮುಗಿಯುವವರೆಗೆ ಎಷ್ಟಾದರೂ ಅಗಿಯಬಹುದು. ಆಮೇಲೆ ಬಸ್ ಸ್ಟ್ಯಾಂಡಿನವರೆಗೆ ನಡಿಗೆ. ಬಂದು ಸೋಂಪಿನ ನೀರು. ಹಿಂಡುವ ನೋವು ಬಹುತೇಕ ಹೋಗಿದೆ. ವಕೀಲರು ಕೋಟು ಒಯ್ದರು.

ಉಳಿದದ್ದು ಪ್ಯಾಂಟಿನ ಸೊಂಟದ ಬಿಗಿತ. ಸಂಜೆಯ ಹೊತ್ತಿಗೆ ಹಗ್ಗ ಬಿಗಿದ ಹಾಗೆ.

"ಊರೋರ ಸೊಂಟ ಬಿಚ್ಚಿ ಹೊಲಿದು ಕೊಡ್ತೀರಿ. ನಿಮ್ಮದು ಬಿಚ್ಚೋಕೆ ಏನು ರೋಗ? ದೀಪದ ಬುಡದಲ್ಲೇ ಕತ್ತಲೆ!"

ಹೇಳಿಬಿಟ್ಟೆ. ನನ್ನ ಪ್ಯಾಂಟು ನಾನು ಹೊಲಿದವನಲ್ಲ. ಟೈಲರ್ ತನ್ನ ಅಳತೆ ತಾನು ತೆಗೆಯಬಾರದು, ಹೊಟ್ಟೆ ಒಳಗೆಳೆದು ಟೇಪಿಗೆ ಸುಳ್ಳು ಹೇಳುತ್ತಾನೆ ಎನ್ನುತ್ತಿದ್ದಳು ನನ್ನವಳು. ನನ್ನದಷ್ಟನ್ನು ಅವಳೇ ಅಳೆದು, ಅವಳೇ ಕತ್ತರಿಸಿ, ಅವಳೇ ಹೊಲಿಯುತ್ತಿದ್ದಳು. ಅವಳ ಕೈಯ ಹೊಲಿಗೆ ಇನ್ನು ಇವಿಷ್ಟೇ. ಹೇಗೆ ಬಿಚ್ಚಲಿ?

ನಾದಿನಿ ಈ ಸಲ ನಗಲಿಲ್ಲ. "ಅಕ್ಕ ಹೊಲಿದದ್ದು ನೀವು ಹಾಕ್ಕೊಳ್ಳಲಿ ಅಂತ, ಭಾವ. ನರಳಲಿ ಅಂತ ಅಲ್ಲ."

ಏಪ್ರಿಲ್ ೨, ಸಂಜೆ

ಬೂದು ಬಣ್ಣದ ಪ್ಯಾಂಟನ್ನೇ ಮೊದಲು ತೆಗೆದುಕೊಂಡೆ. ಸೊಂಟದ ಮುಂದಿನ ಕೊಕ್ಕೆ ಮುಟ್ಟಲಿಲ್ಲ. ಹಿಂಬದಿಯ ಹೊಲಿಗೆಯ ಒಂದೊಂದೇ ನೂಲು ಬ್ಲೇಡಿನಿಂದ ಎತ್ತಿದೆ. ಎರಡು ಸಲ ಬ್ಲೇಡು ಕೆಳಗಿಟ್ಟೆ, ಕಸುಬಿಗೆ ಹೊಸಬನ ಹಾಗೆ.

ಒಳಗೆ ಬಟ್ಟೆ! ಮುಂದೆ ಸಡಿಲಿಸಲೆಂದು ಎಲ್ಲರೂ ಬಿಡುವುದು ಒಂದು ಬೆರಳಗಲ. ಇವಳು ಬಿಟ್ಟದ್ದು ಮೂರು ಬೆರಳು. ಎರಡೂ ಕಡೆ. ಮಡಚಿ, ಕೈಹೊಲಿಗೆ ಹಾಕಿ, ನನಗೇ ಗೊತ್ತಾಗದ ಹಾಗೆ ಅಡಗಿಸಿದ್ದಾಳೆ. ಹೊರಗೆಲ್ಲ ಬಣ್ಣ ಮಾಸಿದೆ, ಒಳಗಿನದು ಅಂಗಡಿಯಿಂದ ಈಗ ತಂದಂತಿದೆ. ಉಳಿದವನ್ನೂ ಒಳಮಗ್ಗುಲು ಮಾಡಿ ತಡವಿದೆ. ಎಲ್ಲದರಲ್ಲೂ ಇದೆ.

ನನಗೆ ಹೊಟ್ಟೆ ಬರುತ್ತದೆಂದು ಗೊತ್ತಿತ್ತು ಕಳ್ಳಿಗೆ. ಬರಲಿ ಎಂದು ಜಾಗ ಬಿಟ್ಟಿದ್ದಾಳೆ.

ಪಿನ್ ಚುಚ್ಚಿ ಹಾಕಿ ನೋಡಿದೆ. ಉಸಿರು ತಳದವರೆಗೆ ಹೋಗಿ ಬಂತು. ಥ್ಯಾಂಕ್ಯೂ ಎಂದೆ, ಗಟ್ಟಿಯಾಗಿಯೇ. ವಿತ್ ಡೀಪ್ ಗ್ರಾಟಿಟ್ಯೂಡ್ ಐ ಬೆಗ್ ಟು... ಮುಂದಿನದು ಬರಲಿಲ್ಲ, ಬೇಕಾಗಲೂ ಇಲ್ಲ.

ಪೂರ್ತಿ ಬಿಚ್ಚಿಬಿಡುವುದಿಲ್ಲ. ಒಂದು ಬೆರಳಷ್ಟು ಸಾಕು. ಉಳಿದದ್ದು ಒಳಗೇ ಇರಲಿ, ಅವಳು ಮಡಚಿಟ್ಟ ಹಾಗೇ. ಮೆಷಿನ್ನಿಗೆ ಕೊಡುವುದೂ ಇಲ್ಲ, ಕೈಯಲ್ಲೇ ಹೊಲಿಯುತ್ತೇನೆ. ನೂಲು ಸಿಕ್ಕಿತು, ಅದೇ ಬೂದು. ಸೂಜಿಯ ಕಣ್ಣು ಕಾಣುತ್ತಿಲ್ಲ... ಕನ್ನಡಕ ಒರೆಸಿದೆ. ತಪ್ಪು ಕನ್ನಡಕದ್ದಲ್ಲ, ಬೆಳಕೇ ಸಾಲದು. ದೀಪ ಹಾಕಿ...